ಸಿಳ್ಳೆಗಾರನ ಕೊಳೆ

ಚರಕ್, ಚರಕ್. ಸ್ವಲ್ಪ ನಿಂತು ಮತ್ತೆ ಚರಕ್. ಯಾರೋ ಹಲ್ಲುಜ್ಜುತ್ತಿರುವ ಹಾಗಿತ್ತು ಸದ್ದು. ಆದರೆ ಅದು ಬರುತ್ತಿದ್ದುದು ಕೆಳಗಿನ ಅಡುಗೆಮನೆಯಿಂದ, ಊರೆಲ್ಲ ಮಲಗಿದ್ದ ಹೊತ್ತಿನಲ್ಲಿ.

ನಮ್ಮ ಮನೆಯಲ್ಲಿ ಇಂಥ ಸದ್ದಿಗೆ ಎಚ್ಚರವಾಗುವವಳು ನಾನೊಬ್ಬಳೇ. ಪಕ್ಕದಲ್ಲಿ ಲೆನ್ ಗೊರಕೆ ಹೊಡೆಯುತ್ತಿದ್ದರು. ಮೊದಲು ಕಳ್ಳನೆಂದುಕೊಂಡೆ, ಆಮೇಲೆ ಇಲಿಯೆಂದುಕೊಂಡೆ. ಆಮೇಲೆ ಲೆನ್‌ನ ಅಕ್ಕ ಡಿಲಿಸ್ ಎಲ್ಲಿಯಾದರೂ ಬಿದ್ದು ನೆಲ ಕೆರೆಯುತ್ತಿದ್ದಾಳೋ ಏನೋ ಎನ್ನಿಸಿದ್ದೇ ತಡ, ಚಪ್ಪಲಿಯನ್ನೂ ಹುಡುಕದೆ ಮೆಟ್ಟಿಲಿಳಿದೆ.

ಡಿಲಿಸ್ ಬಿದ್ದಿರಲಿಲ್ಲ. ನಡೆಯಲು ಹಿಡಿದುಕೊಳ್ಳುವ ಚೌಕಟ್ಟನ್ನು ಬದಿಗೆ ಸರಿಸಿ, ನೈಟಿಯ ತೋಳು ಮೇಲಕ್ಕೆ ಮಡಿಸಿ, ನಲ್ಲಿಯ ಮುಂದೆ ನೆಟ್ಟಗೆ ನಿಂತಿದ್ದಳು. ಬಲಗೈಯಲ್ಲಿ ಹಳೆಯ ಟೂತ್‌ಬ್ರಷ್ಷು. ಎಡಗೈಯಲ್ಲಿ, ಪಾತ್ರೆ ತೊಳೆಯುವ ಸೋಪಿನ ನೊರೆಯ ನಡುವೆ, ಲೆನ್‌ನ ಪುಟ್ಟ ರೈಲು ಎಂಜಿನ್.

"ಏವ್ರಿಲ್! ಎಬ್ಬಿಸ್ಬಿಟ್ನೇನೇ? ಬಾ, ನೋಡಿಲ್ಲಿ. ಅಬ್ಬಬ್ಬ, ಎಷ್ಟು ಗಲೀಜಾಗಿತ್ತು ಅಂತೀಯಾ! ನಾಳೆ ನಾಲ್ಕು ಜನ ನೋಡೋ ಜಾಗಕ್ಕೆ ಇದನ್ನ ಹೀಗೇ ತಗೊಂಡು ಹೋಗ್ತಿದ್ನಲ್ಲ ಇವ್ನು. ಕಣ್ಣು ಕಾಣಲ್ಲ ಪಾಪ, ಗೊತ್ತೇ ಆಗಿಲ್ಲ ಅವನಿಗೆ."

ನಾನು ನಲ್ಲಿಯ ಕೆಳಗಿನ ನೀರನ್ನು ನೋಡಿದೆ. ಬೂದು, ಕಂದು, ಒಂದಿಷ್ಟು ತುಕ್ಕಿನ ಕೆಂಪು. ಲೆನ್ ಇಡೀ ಚಳಿಗಾಲ ಕೂತು ಮಾಡಿದ ಕೆಲಸ ಸುತ್ತುತ್ತ ಸುತ್ತುತ್ತ ತೂತಿನೊಳಗೆ ಇಳಿಯುತ್ತಿತ್ತು.

ಆ ಕೊಳೆ, ಕೊಳೆಯಲ್ಲ. ನನ್ನ ಗಂಡ ಕೈಯಾರೆ ಕೂರಿಸಿದ್ದ ಕೊಳೆ. ಎಂಜಿನ್ನಿನ ಮಾದರಿ ಅಂಗಡಿಯಿಂದ ಬರುವಾಗ ಮದುಮಗಳ ಹಾಗೆ ಹೊಳೆಯುತ್ತಿತ್ತು. ಅದನ್ನು ನಿಜದ ಎಂಜಿನ್ ಮಾಡುವುದು ಕೊಳೆ. ಛಾವಣಿಯ ಮೇಲೆ ಹೊಗೆಯ ಮಸಿ, ಗಾಲಿಗಳ ಹತ್ತಿರ ಬ್ರೇಕು ಸವೆದ ಕೆಂಧೂಳು, ನೀರು ತುಂಬಿಸುವ ಬಾಯಿಯಿಂದ ಸೋರಿ ಒಣಗಿದ ಬಿಳಿಯ ಗೆರೆ. ಒಂದೊಂದಕ್ಕೂ ಒಂದೊಂದು ಡಬ್ಬಿಯ ಪುಡಿ, ಒಂದೊಂದು ಕುಂಚ. ಲೆನ್‌ಗೆ ಈಗ ನೋಟದ ನಡುಭಾಗ ಹೋಗಿ ಅಂಚು ಮಾತ್ರ ಉಳಿದಿದೆ. ಕೋಳಿಯ ಹಾಗೆ ಮುಖ ಓರೆ ಮಾಡಿಕೊಂಡು, ಮೂಗು ತಾಗುವಷ್ಟು ಹತ್ತಿರ ಹಿಡಿದುಕೊಂಡು ಅವರು ಅದನ್ನು ಮಾಡಿದ್ದರು. "ಇದೇ ಕೊನೇದು ಏವ್ರಿಲ್, ಇನ್ನು ಆಗಲ್ಲ" ಎಂದಿದ್ದರು. ಮೇಲೆ ವಾರ್ನಿಶ್ ಬಳಿಯಿರಿ, ಗಟ್ಟಿಯಾಗಿ ಉಳಿಯುತ್ತದೆ ಎಂದು ನಾನು ಹೇಳಿದ್ದಕ್ಕೆ ನಕ್ಕಿದ್ದರು. "ವಾರ್ನಿಶ್ ಬಿದ್ರೆ ಧೂಳು ಧೂಳಾಗಿರಲ್ಲ ಕಣೇ, ಬಣ್ಣ ಆಗ್ಬಿಡುತ್ತೆ."

ಸಂಜೆ ಮೋಟಾರಿಗೆ ಎಣ್ಣೆ ಬಿಡಲೆಂದು ಮೇಲಿನ ಕವಚ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದರು. ಡಿಲಿಸ್ ಕೈಗೆ ಸಿಕ್ಕಿದ್ದು ಅದು.

"ಅವನಿಗೆ ಹೇಳ್ಬೇಡ ಕಣೇ" ಎಂದಳು ಡಿಲಿಸ್, ನೊರೆಗೈಯಲ್ಲೇ ನನ್ನ ತೋಳು ಹಿಡಿದು. "ಬೆಳಗ್ಗೆ ತಾನೇ ನೋಡ್ಲಿ. ಸೊಂಟ ಮುರ್ಕೊಂಡು ಬಂದಾಗಿಂದ ಬರೀ ತಿನ್ನೋದು, ಕೂರೋದು. ನಿಮ್ಮಿಬ್ಬರಿಗೂ ಒಂದು ಕಡ್ಡಿ ಎತ್ತಿಕೊಟ್ಟಿಲ್ಲ ನಾನು. ಇದೊಂದಾದ್ರೂ ಮಾಡ್ದೆ."

ಡಿಲಿಸ್‌ಳ ಕೆನ್ನೆ ಚಳಿಗಾಲದ ನಂತರ ಮೊದಲ ಬಾರಿಗೆ ಕೆಂಪಾಗಿತ್ತು. ತಾಯಿ ಹೋದ ಮೇಲೆ ಅಪ್ಪನ ಮನೆ ನಡೆಸಿದವಳು ಅವಳೇ. ಎಂಜಿನ್ ಓಡಿಸಿ ಬರುತ್ತಿದ್ದ ಅಪ್ಪನ ಅಂಗಿಗಳನ್ನು ಪ್ರತಿ ಸೋಮವಾರ ಕುದಿನೀರಿನಲ್ಲಿ ಹಾಕಿ ತಿಕ್ಕಿದ ಕೈ ಅದು. ಆ ಕೊಳೆಯ ಮೇಲೆ ಅವಳಿಗೆ ಹಳೆಯ ಜಿದ್ದು. ನಾನು ಬಟ್ಟೆ ತಂದು ಕವಚ ಒರೆಸಿಕೊಟ್ಟೆ. "ಚೆನ್ನಾಗಿದೆ" ಎಂದೆ. ಬೇರೆ ಯಾವ ಪದವೂ ಸಿಗಲಿಲ್ಲ.

ಬೆಳಿಗ್ಗೆ ಲೆನ್ ಇಳಿದು ಬಂದಾಗ ಡಿಲಿಸ್ ಆಗಲೇ ನೀಲಿ ಕೋಟು ಹಾಕಿಕೊಂಡು ಕೂತಿದ್ದಳು. ಲೆನ್ ಮೇಜು ತಡವಿ ಕವಚವನ್ನು ಎತ್ತಿಕೊಂಡರು. ಹೆಬ್ಬೆರಳು ಅದರ ಪಕ್ಕೆಯ ಮೇಲೆ ಹರಿಯಿತು. ಅರ್ಧದಲ್ಲಿ ನಿಂತಿತು. ಕಣ್ಣಿಗೆ ಕಾಣದಿದ್ದರೂ ಪುಡಿಯ ಒರಟು ಬೆರಳಿಗೆ ತಿಳಿಯುತ್ತದೆ, ಅದಿಲ್ಲದ್ದೂ ತಿಳಿಯುತ್ತದೆ.

"ಏನೋ, ಹೇಗಿದೆ?" ಎಂದಳು ಡಿಲಿಸ್. "ರಾತ್ರಿ ನಾನೇ ತೊಳ್ದೆ!"

ಲೆನ್ ಕಿಟಕಿಯ ಕಡೆ ತಿರುಗಿ ಮುಖ ಓರೆ ಮಾಡಿ ನೋಡಿದರು. ತುಂಬ ಹೊತ್ತು ನೋಡಿದರು. ನಾನು ಕೆಟಲ್‌ನ ಹಿಡಿ ಬಿಡಲಿಲ್ಲ.

"ಥಳಥಳ ಅಂತಿದೆಯಲ್ಲೇ ಡಿಲ್" ಎಂದರು. "ಕನ್ನಡಿ ಮಾಡ್ಬಿಟ್ಟಿದೀಯ."

"ಮತ್ತೆ! ನೀನೊಬ್ಬನೇ ಕೆಲ್ಸಗಾರ ಅಂದ್ಕೊಂಡಿದ್ಯಾ?"

ಕಾರಿಗೆ ಪೆಟ್ಟಿಗೆಗಳನ್ನು ಇಡುವಾಗ ನಾನು ಮೆಲ್ಲಗೆ ಹೇಳಿದೆ, "ನಾನು ಇಳಿದು ಬರೋ ಹೊತ್ತಿಗೆ ಆಗಿಹೋಗಿತ್ತು ಲೆನ್. ಇದೊಂದನ್ನ ಮನೇಲೇ ಬಿಟ್ಟು ಹೋಗೋಣ. ಬೇರೆ ಎಂಜಿನ್ ಓಡಿಸಿ."

"ಅವಳು ಕೋಟು ಹಾಕ್ಕೊಂಡು ಕೂತಿದಾಳೆ. ತಾನು ತೊಳೆದಿದ್ದು ಓಡೋದನ್ನ ನೋಡೋಕೆ." ಅವರು ಡಿಕ್ಕಿಯ ಬಾಗಿಲು ಮುಚ್ಚಿದರು. "ಗೊತ್ತಾದ್ರೆ ಸತ್ತೇಹೋಗ್ತಾಳೆ ಏವ್ರಿಲ್. ಬೇಡ."

ನನ್ನ ಚಿಂತೆ ಅಲ್ಲಿಗೆ ಮುಗಿಯುವಂಥದ್ದಲ್ಲ. ಕ್ರೂ ಊರಿನ ನಮ್ಮ ಮಾದರಿ ರೈಲುಗಳ ಕ್ಲಬ್ಬಿನಲ್ಲಿ ಲೆನ್ ಓಕ್ಡನ್ ಎಂದರೆ ತಪ್ಪು ಹಿಡಿಯುವವರು ಎಂದೇ ಹೆಸರು. ಯಾವ ವರ್ಷ ಯಾವ ಎಂಜಿನ್ನಿಗೆ ಯಾವ ದೀಪ, ಯಾವ ಪಟ್ಟಿ ಇತ್ತು ಎಂಬುದರಲ್ಲಿ ಅವರು ಯಾರಿಗೂ ರಿಯಾಯಿತಿ ಕೊಟ್ಟವರಲ್ಲ. ಹೋದ ವರ್ಷದ ಪ್ರದರ್ಶನದಲ್ಲಿ ಮರ್ವಿನ್ ಟಕ್‌ನ ಎಂಜಿನ್ ನೋಡಿ, ಮೂತಿಯ ಹಳದಿ ಎರಡು ವರ್ಷ ಮುಂಚೆಯೇ ಬಂದುಬಿಟ್ಟಿದೆಯಲ್ಲಯ್ಯ ಎಂದು ಅವನ ಮೊಮ್ಮಕ್ಕಳ ಎದುರಿಗೇ ಹೇಳಿದ್ದರು. ಈಗ ಅವರ ಕೈಯಲ್ಲೇ ಇಂಥ ತಪ್ಪು.

ಅದು ಎಂಥ ತಪ್ಪು ಎಂದು ನನಗೂ ಗೊತ್ತಿತ್ತು. ಅರ್ಧ ಶತಮಾನ ಇವರ ಜೊತೆ ಬಾಳಿದ್ದೇನೆ. ಸಾವಿರದ ಒಂಬೈನೂರ ಎಪ್ಪತ್ಮೂರರ ಹೊತ್ತಿಗೆ ರೈಲ್ವೆಯವರು ಎಲ್ಲ ಎಂಜಿನ್ನುಗಳಿಗೂ ನೀಲಿ ಬಳಿಯುತ್ತಿದ್ದರು. ಹಸಿರಾಗಿ ಉಳಿದವು ಸರದಿಗಾಗಿ ಕಾಯುತ್ತಿದ್ದ ಅನಾಥರು. ಅವನ್ನು ಯಾರೂ ತೊಳೆಯುತ್ತಿರಲಿಲ್ಲ. ಮಾವನವರು ನಿವೃತ್ತಿಯ ದಿನ ಹೋಲಿಹೆಡ್‌ನಿಂದ ತಂದು ನಿಲ್ಲಿಸಿದ್ದು ಅಂಥದೊಂದನ್ನು. ನಿಂತಲ್ಲೇ ಕುದಿಯುವ ಕೆಟಲ್ ಹಾಗೆ ಸಿಳ್ಳೆ ಹಾಕುವುದರಿಂದ ಆ ಜಾತಿಯ ಎಂಜಿನ್ನಿಗೆ ಸಿಳ್ಳೆಗಾರ ಎಂದೇ ಹೆಸರು. ಲೆನ್‌ಗೂ ನನಗೂ ಮದುವೆ ನಿಶ್ಚಯವಾಗಿತ್ತು, ನಾನೂ ಪ್ಲಾಟ್‌ಫಾರ್ಮಿನಲ್ಲಿದ್ದೆ. ಹತ್ತುವ ಹಿಡಿಕೆಯನ್ನು ಒಂದು ಕ್ಷಣ ಮುಟ್ಟಿ ನನ್ನ ಕೆನೆಬಣ್ಣದ ಕೈಗವಸು ಕಪ್ಪಾಗಿತ್ತು. ಮಾವ ಕೆಳಗಿಳಿದು, ಆ ಹೊಲಸು ಪಕ್ಕೆಯನ್ನು ಅಂಗೈಯಿಂದ ಎರಡು ಸಲ ತಟ್ಟಿ ನಡೆದುಬಂದಿದ್ದರು. ಲೆನ್ ಮಾಡಿದ್ದು ಆ ಎಂಜಿನ್, ಆ ಮಧ್ಯಾಹ್ನ.

ಪ್ರದರ್ಶನ ನಡೆಯುತ್ತಿದ್ದ ಶಾಲೆಯ ಸಭಾಂಗಣ ತುಂಬಿಹೋಗಿತ್ತು. ಲೆನ್ ತಮ್ಮ ಹಳಿಗಳ ಹತ್ತಿರ ಹೋದರು. ನಾನು ಡಿಲಿಸ್ ಜೊತೆ ನಿಧಾನವಾಗಿ ಬಂದೆ. ಬಾಗಿಲ ಪಕ್ಕದ ಮೇಜಿನಲ್ಲಿ ಒಬ್ಬ ಹುರಿಮೀಸೆಯವನು ಕುಂಚ ಹಿಡಿದು ಸರಕು ಗಾಡಿಗಳಿಗೆ ಏನೋ ಬಳಿಯುತ್ತ ಕೂತಿದ್ದ. ಡಿಲಿಸ್ ಅಲ್ಲಿ ನಿಂತಳು.

"ಕಾಲು ನೋಯುತ್ತೆ ಡಿಲಿಸ್, ಬಾ, ಕುರ್ಚಿ ಹಾಕಿಸ್ತೀನಿ."

"ನೀ ನಡಿಯೇ, ಬರ್ತೀನಿ. ನಂಗೇನು ಸಣ್ಣ ಮಗೂನಾ?"

ನಾನು ಎರಡೆರಡು ಸಲ ಹಿಂದೆ ತಿರುಗಿ ನೋಡುತ್ತ ಲೆನ್ ಹತ್ತಿರ ಹೋದೆ. ಎಂಜಿನ್ ಹಳಿಯ ಮೇಲಿತ್ತು. ಒಳಗಿನ ಪುಟ್ಟ ಸ್ಪೀಕರಿನಿಂದ ಸಿಳ್ಳೆ ಏಳುತ್ತಿತ್ತು. ದೀಪದ ಬೆಳಕಿನಲ್ಲಿ ಹಸಿರು ಮೈ ಅಂಗಡಿಯ ಗಾಜಿನೊಳಗಿನ ಆಟಿಕೆಯ ಹಾಗೆ ಮಿನುಗುತ್ತಿತ್ತು. ಲೆನ್ ಅದರ ಕಡೆ ಮುಖ ಮಾಡಿರಲಿಲ್ಲ.

ಮರ್ವಿನ್ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಿಂದೆ ಮೂರು ನಾಲ್ಕು ಜನ.

"ಏನು ಗುರುವೇ, ಮದುವೆ ಗಂಡಾ ಇದು? ಇಷ್ಟು ಸಿಂಗಾರ ಮಾಡ್ಕೊಂಡು ಯಾರನ್ನ ನೋಡೋಕೆ ಹೊರಟಿದೆ?" ಬಗ್ಗಿ ನೋಡಿದ. "ಯಾವ ವರ್ಷ?"

"ಎಪ್ಪತ್ಮೂರು."

"ಎಪ್ಪತ್ಮೂರು! ಕೇಳಿದ್ರೇನ್ರಪ್ಪ? ಮೂತಿ ಪೂರ್ತಿ ಹಳದಿ, ನಂಬರಿನ ಮುಂದಿನ ಅಕ್ಷರ ಅಳಿಸಿದಾರೆ, ಅದೆಲ್ಲ ಆ ವರ್ಷಕ್ಕೆ ಸರಿ. ಆದ್ರೆ ಮೈ ನೋಡಿದ್ರೆ ಈಗ ತಾನೇ ಸ್ನಾನ ಆಗಿದೆ! ಅಲ್ಲ ಮಾರಾಯ, ಆ ವರ್ಷ ಕಾರ್ಖಾನೆ ಒಳಗೆ ಹೋದ ಹಸಿರು ನೀಲಿಯಾಗಿ ತಾನೇ ಹೊರಗೆ ಬರ್ತಿತ್ತು? ಹಸಿರು ಅಂದ್ರೆ ಕೊಳೆ, ಹೊಳಪು ಅಂದ್ರೆ ನೀಲಿ. ನೀನೇ ನಮ್ಮ ತಲೆ ಮೇಲೆ ಮೊಟಕಿ ಮೊಟಕಿ ಕಲಿಸಿದ್ದು!"

ಎಲ್ಲರೂ ನಕ್ಕರು. ಅದರಲ್ಲಿ ಕೇಡಿರಲಿಲ್ಲ, ಬಹುದಿನದ ಬಾಕಿಯ ಸಂತೋಷವಿತ್ತು. ಅಷ್ಟರಲ್ಲಿ ಡಿಲಿಸ್‌ಳ ಚೌಕಟ್ಟಿನ ಟಕ್ ಟಕ್ ನನ್ನ ಬೆನ್ನ ಹಿಂದೆ ಬಂದು ನಿಂತಿತು. ಲೆನ್‌ಗೂ ಅದು ಕೇಳಿಸಿತು. ತಂಗಾಳಿ ಬೀಸಿದ ಕಡೆಗೆ ತಿರುಗುವ ಹಾಗೆ ಅವರ ಮುಖ ಆ ಕಡೆ ತಿರುಗಿತು.

"ಕಾರ್ಖಾನೆಗೆ ಹೋಗಿರ್ಲಿಲ್ಲ ಮರ್ವಿನ್" ಎಂದರು. "ಅಪ್ಪನ ಕೊನೇ ಓಟ ಅದು. ಹಿಂದಿನ ರಾತ್ರಿ ಶೆಡ್ಡಿನೋರು ಬಕೆಟ್ ಹಿಡ್ಕೊಂಡು ಹೋಗಿ ತೊಳೆದಿದ್ರು. ಮೇಲಿನೋರು ಯಾರೂ ಹೇಳಿರ್ಲಿಲ್ಲ. ಪ್ರೀತಿಗೆ ತೊಳೆದಿದ್ರು. ಒಂದೇ ಒಂದು ದಿನ ಹೀಗೆ ಹೊಳೀತು, ಅಷ್ಟೆ. ನಾನು ಮಾಡಿರೋದು ಆ ದಿನಾನ."

ಯಾರೂ ನಗಲಿಲ್ಲ. ಮರ್ವಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಇವರು ಮನೆಯ ವಿಷಯದಲ್ಲಿ ಸಣ್ಣಪುಟ್ಟ ಸುಳ್ಳು ಹೇಳಿದ್ದನ್ನು ಕೇಳಿದ್ದೇನೆ. ಎಂಜಿನ್ನಿನ ವಿಷಯದಲ್ಲಿ ಹೇಳಿದ್ದನ್ನು ಕೇಳಿರಲಿಲ್ಲ.

"ನೀವೂ ಇದ್ರಾ ಮಿಸ್ ಓಕ್ಡನ್ ಅಲ್ಲಿ?" ಮರ್ವಿನ್ ನನ್ನ ಹಿಂದೆ ನೋಡಿ ಕೇಳಿದ.

ಆ ದಿನ ಡಿಲಿಸ್ ಇದ್ದಳು. ಆ ದಿನದ ಅಂಗಿಯನ್ನು ತೊಳೆದವಳೂ ಅವಳೇ. ಈಗ ಬಾಯಿಬಿಟ್ಟರೆ ಮುಗಿಯಿತು ಎಂದುಕೊಂಡು ನಾನು ಕೈಚೀಲ ಬಿಗಿಯಾಗಿ ಹಿಡಿದೆ.

"ಇದ್ನಲ್ಲ" ಎಂದಳು ಡಿಲಿಸ್. "ಅದರ ಪಕ್ಕೆ ನೋಡ್ಕೊಂಡು ತಲೆ ಬಾಚ್ಕೋಬಹುದಿತ್ತು. ನಾನು ಬಾಚ್ಕೊಂಡೆ."

ಲೆನ್‌ನ ಹುಬ್ಬು ಸ್ವಲ್ಪ ಮೇಲೇರಿತು.

"ಇದು ಗೊತ್ತಿರ್ಲಿಲ್ಲ ಗುರುವೇ" ಎಂದ ಮರ್ವಿನ್. ಅವನ ಧ್ವನಿ ಇಳಿದಿತ್ತು. "ಕ್ಲಬ್ಬಿನ ಈ ತಿಂಗಳ ಪತ್ರಿಕೆಗೆ ಬರೀತೀನಿ. ಬರೀಲಾ?"

ಹಾಗೆ ಬರೆದರೆ ಅದು ಅಚ್ಚಾಗುತ್ತದೆ. ಮುಂದೆ ಯಾವನೋ ಅದನ್ನು ಓದಿ ಆ ಎಂಜಿನ್ನನ್ನು ಹೊಳೆಯುವಂತೆ ಮಾಡುತ್ತಾನೆ, ಲೆನ್ ಓಕ್ಡನ್ ಹೇಳಿದ್ದಾರೆ ಎನ್ನುತ್ತಾನೆ. ಲೆನ್‌ನ ಬೆರಳು ವೇಗದ ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು.

"ಬರಿ" ಎಂದರು. ಗುಂಡಿ ತಿರುಗಿಸಿದರು. ಎಂಜಿನ್ ಹೊರಟಿತು.

ಆಮೇಲೆ ನಾನು ಡಿಲಿಸ್‌ಳನ್ನು ಚಹಾ ಕೊಡುವ ಮೂಲೆಗೆ ಕರೆದುಕೊಂಡು ಹೋದೆ. ಅವಳು ಬಿಸ್ಕತ್ತು ಅದ್ದಿದಳು, ಅದು ಕರಗಿ ಬಟ್ಟಲೊಳಗೆ ಬಿತ್ತು, ಅವಳು ನೋಡಲಿಲ್ಲ.

"ಬಾಗಿಲ ಹತ್ರ ಕೂತಿದ್ನಲ್ಲ ಆ ಮೀಸೆಯವನು" ಎಂದಳು. "ಅವನು ಬಳೀತಿದ್ದಿದ್ದು ಕೊಳೆಯಂತೆ. ಹೊಸ ಗಾಡಿಗೆ ದುಡ್ಡು ಕೊಟ್ಟು ತಂದ ಕೊಳೆ! ತಲೆ ಕೆಟ್ಟಿದೆಯೇನಪ್ಪ ಅಂದೆ. ಅದೇ ಕಷ್ಟದ ಕೆಲ್ಸ ಅಮ್ಮ, ಚೆನ್ನಾಗಿ ಮಾಡೋರು ಒಂದು ಎಂಜಿನ್ನಿಗೆ ತಿಂಗಳುಗಟ್ಟಲೆ ಕೂರ್ತಾರೆ ಅಂದ."

ನಾನು ಅವಳ ಬಟ್ಟಲಲ್ಲಿ ಕರಗಿದ್ದ ಬಿಸ್ಕತ್ತನ್ನು ಚಮಚದಿಂದ ತೆಗೆಯತೊಡಗಿದೆ. ಅವಳಿಗೆ ಅಷ್ಟೇ ಸಾಕಾಯಿತು.

"ಹೌದಾ ಹಾಗಾದ್ರೆ" ಎಂದಳು. ಕೆಂಪು ಕಣ್ಣಿನ ಅಂಚನ್ನು ಕೋಟಿನ ತೋಳಿನಿಂದ ಒತ್ತಿಕೊಂಡಳು. "ಟೂತ್‌ಬ್ರಷ್ ಹಾಕಿ ಉಜ್ಜಿಬಿಟ್ನಲ್ಲೇ ಏವ್ರಿಲ್. ಮೂಲೆ ಮೂಲೆ ಬಿಡದೆ ಉಜ್ಜಿದೆ."

"ಅವರಿಗೆ ಬೇಜಾರಿಲ್ಲ ಡಿಲಿಸ್."

"ಬೇಜಾರಿಲ್ದೆ ಏನು. ಇದೆ. ಇದ್ರೂ ಅಷ್ಟು ಜನರ ಎದುರಿಗೆ ನಿಂತು ಅಪ್ಪನ ಹೆಸರಲ್ಲಿ ಕಥೆ ಕಟ್ಟಿದ. ಚಿಕ್ಕವನಿದ್ದಾಗಿಂದ ಅವನಿಗೆ ಸುಳ್ಳು ಹೇಳೋಕೆ ಬರಲ್ಲ. ಕಿವಿ ನೋಡಿದ್ಯಾ, ಟೊಮೇಟೊ ಆಗಿತ್ತು!" ಅವಳಿಗೆ ನಗು ಬಂತು, ಅದರ ನಡುವೆಯೇ ಅಳುವೂ ಬಂತು. "ನಂಗೆ ಗೊತ್ತಾಯ್ತು ಅಂತ ಅವನಿಗೆ ಗೊತ್ತಾಗ್ಬಾರ್ದು. ಅಷ್ಟು ಕಷ್ಟಪಟ್ಟಿದಾನೆ, ಅದನ್ನ ಹಾಳು ಮಾಡೋದು ಬೇಡ. ಮುದುಕಿಗೆ ಮರೆವು, ಏನೋ ನೆನಪಾಯ್ತು ಅಂದ್ಕೊಳ್ಲಿ."

ಅಷ್ಟರಲ್ಲಿ ಲೆನ್ ಮೇಜುಗಳ ಅಂಚು ಹಿಡಿದು ನಮ್ಮನ್ನು ಹುಡುಕಿಕೊಂಡು ಬಂದರು. "ಡಿಲ್, ಎಲ್ಲಿದೀಯೇ? ಜನ ಕಮ್ಮಿಯಾದ್ರು. ಬಾ, ನೀನೇ ಓಡಿಸು ಈ ಸಲ."

"ಬಂದೆ ಕಣೋ, ಅವಸರ ಮಾಡ್ಬೇಡ. ನಿನ್ನ ಸಿಳ್ಳೆಗಾರ ನನ್ನ ಬಿಟ್ಟು ಎಲ್ಲೂ ಓಡಿಹೋಗಲ್ಲ." ಅವಳು ಎದ್ದು, ಮೂಗು ಸೀಟಿಕೊಂಡು, ಚೌಕಟ್ಟು ಹಿಡಿದು ಮುಂದೆ ಹೊರಟಳು.

ಲೆನ್ ನನ್ನ ಮೊಣಕೈ ಹಿಡಿದು ಹಿಂದೆ ನಿಲ್ಲಿಸಿದರು. "ಅವಳಿಗೇನೂ ಅನುಮಾನ ಬಂದಿಲ್ಲ ತಾನೇ?"

ನಾನು ಪದ ಆರಿಸಿ ಮಾತಾಡುವವಳು. ಸ್ವಲ್ಪ ಯೋಚಿಸಿದೆ. "ಅವಳಿಗೆ ನಿಮ್ಮ ಮೇಲೆ ತುಂಬ ಪ್ರೀತಿ ಬಂದಿದೆ" ಎಂದೆ.

"ಅದಿರ್ಲಿ" ಎಂದರು ಲೆನ್, ಸಮಾಧಾನದ ಉಸಿರು ಬಿಟ್ಟು. "ಅಂತೂ ಬಚಾವಾದೆ."

ಮರ್ವಿನ್ ಬರೆದದ್ದು ಇನ್ನು ನನ್ನ ಕೈಗೇ ಬರುತ್ತದೆ. ಪತ್ರಿಕೆಯ ಕರಡು ತಿದ್ದುವ ಕೆಲಸ ಕ್ಲಬ್ಬಿನಲ್ಲಿ ನನ್ನದು. ಇಷ್ಟು ವರ್ಷ ಒಂದು ಇಸವಿ ತಪ್ಪಿದ್ದರೂ ಗುರುತು ಹಾಕಿ ವಾಪಸು ಕಳಿಸಿದ್ದೇನೆ. ಹಳಿಗಳ ಆ ಬದಿಯಲ್ಲಿ ಡಿಲಿಸ್ ಗುಂಡಿ ಹಿಡಿದು ಕೂತಿದ್ದಳು, ಲೆನ್ ಅವಳ ಕೈಯ ಮೇಲೆ ಕೈಯಿಟ್ಟು ಎಷ್ಟು ತಿರುಗಿಸಬೇಕು ಎಂದು ಹೇಳಿಕೊಡುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಒಬ್ಬರನ್ನೊಬ್ಬರು ಜೋಪಾನ ಮಾಡುತ್ತಿದ್ದರು. ಆ ಲೇಖನ ಬಂದಾಗ ಅಲ್ಪವಿರಾಮಗಳನ್ನು ಸರಿಮಾಡಿ ಅಚ್ಚಿಗೆ ಕಳಿಸುವುದು, ಉಳಿದದ್ದನ್ನು ಅವರಿಗಾಗಲಿ ಇವಳಿಗಾಗಲಿ ಮರ್ವಿನ್‌ಗಾಗಲಿ ಯಾರಿಗೂ ಹೇಳದಿರುವುದು ಎಂದು ನಾನು ಅಲ್ಲೇ ನಿಂತು ತೀರ್ಮಾನಿಸಿದೆ.