ನೀಲಿ ಕಡೆಯವರು

ಮೊದಲೇ ಹೇಳಿಬಿಡುತ್ತೇನೆ, ಈ ಆಟದ ತಲೆಬುಡ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಾನು ಬಟ್ಟೆ ಆಲ್ಟ್ರೇಷನ್ ಮಾಡುವವಳು. ಉದ್ದವಾಗಿದ್ದರೆ ಮಡಿಸಿ ಹೊಲಿಯುತ್ತೇನೆ, ಬಿಗಿಯಾಗಿದ್ದರೆ ಬಿಚ್ಚುತ್ತೇನೆ. ನನ್ನ ಮಷೀನಿನಲ್ಲಿ ಕಾಲು ಒತ್ತಿದರೆ ಸೂಜಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಷ್ಟು ತಿಳಿದವಳಿಗೆ ಗಂಟುಬಿದ್ದದ್ದು ಮಾತ್ರ ಇಬ್ಬರು ಎಡವಟ್ಟು ಗಂಡಸರ ಮನೆ.

ಒಬ್ಬರು ನಮ್ಮ ಯಜಮಾನರು. ಇನ್ನೊಬ್ಬ ಅವರ ತಮ್ಮ, ಮಹಡಿಯ ಮೇಲಿರುವ ನನ್ನ ಮೈದುನ. ಕಡ್ಡಿಯ ಹಾಗಿದ್ದರೂ ಅವನನ್ನು ಎಲ್ಲರೂ ಗುಂಡ ಎಂದೇ ಕರೆಯುವುದು. ನಾನು ಈ ಮನೆಗೆ ಬಂದಾಗ ಅವನಿಗೆ ಶೂ ಲೇಸ್ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ, ನಾನೇ ಕಟ್ಟಿ ಶಾಲೆಗೆ ಕಳಿಸಿದವಳು. ಅಣ್ಣತಮ್ಮ ಇಬ್ಬರದೂ ಬೀಗ ರಿಪೇರಿ ಕೆಲಸ, ಬೀದಿ ಕೊನೆಯಲ್ಲಿ ಅಂಗಡಿ. ಹೋದ ವರ್ಷ ಇವರು ಮಾಡಿಕೊಟ್ಟ ಡೂಪ್ಲಿಕೇಟ್ ಕೀ ಒಬ್ಬ ಗಿರಾಕಿಯ ಬೀಗದೊಳಗೇ ಮುರಿದು ಸಿಕ್ಕಿಕೊಂಡಿತು. ಆ ಕೀ ಕೊರೆದದ್ದು ಅವನೇ ಎಂದು ಇವರು, ಇವರೇ ಎಂದು ಅವನು. ಗಿರಾಕಿಯ ಎದುರಿಗೇ ಕೂಗಾಡಿಕೊಂಡರು. ಇವರು ಬಂದು ಹೇಳಿದಾಗ ಇವರದೇ ಸರಿ ಅನ್ನಿಸಿತು. ಅವನು ಬಂದು ಹೇಳಿದಾಗ ಅವನದೂ ಸರಿ ಅನ್ನಿಸಿತು. ಅವತ್ತಿನಿಂದ ಇಬ್ಬರ ನಡುವೆ ಮಾತಿಲ್ಲ ಕತೆಯಿಲ್ಲ, ಒಂದೇ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಹಾಕಿಕೊಂಡು ಕೆಲಸ.

ತಮಾಷೆ ಏನೆಂದರೆ, ಸಂಜೆಯಾದರೆ ಇವರು ಕೆಳಗೆ, ಅವನು ಮೇಲೆ ಕಂಪ್ಯೂಟರ್ ಮುಂದೆ ಕೂತು ಒಂದೇ ಆಟವನ್ನು ಒಂದೇ ಟೀಮಿನಲ್ಲಿ ಆಡುತ್ತಾರೆ! ಆಟದಲ್ಲಿ ಗುಂಡ ಗುರಾಣಿ ಹಿಡಿದು ಮುಂದೆ ನಿಲ್ಲುವವನು, ಹೊಡೆಯುವ ಮುಂಚೆ ಎರಡು ಸಲ ಕುಪ್ಪಳಿಸುವುದು ಅವನ ಚಾಳಿ. ಇವರು ಅವನ ಬೆನ್ನ ಹಿಂದೆ ನಿಂತು ಗಾಯಕ್ಕೆ ಮದ್ದು ಹಾಕುವ ಹೆಂಗಸು. ಹೌದು, ಹೆಂಗಸು. ಇಷ್ಟುದ್ದ ಮೀಸೆ ಬಿಟ್ಟ ಮನುಷ್ಯ ಅಲ್ಲಿ ಹಸಿರು ಗೌನು ತೊಟ್ಟು ಓಡಾಡುತ್ತಾರೆ, ಅದರ ತೋಳಿನ ಹೊಲಿಗೆಯೂ ಸರಿಯಿಲ್ಲ. ‘ಮದ್ದು ಬೇಕು’, ‘ಬಂದೆ’, ‘ಎಡಕ್ಕೆ ತಿರುಗು’ ಎಂದು ಇಬ್ಬರೂ ಟೈಪ್ ಮಾಡಿಕೊಳ್ಳುತ್ತಾರೆ. ಊಟಕ್ಕೆ ಕೂತರೆ ಮಾತ್ರ ಉಪ್ಪಿನ ಡಬ್ಬಿ ಬೇಕೆಂದರೂ ನನ್ನ ಮೂಲಕವೇ ಕೇಳಬೇಕು. ಇದೇನು ಜಗಳವೋ ಸ್ನೇಹವೋ, ನನಗಂತೂ ಬಗೆಹರಿಯಲಿಲ್ಲ.

ಕೊನೆಗೆ ಗುಂಡ ಬೇರೆ ಊರಿನ ಬೀಗದ ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದ. ಭಾನುವಾರ ಬೆಳಿಗ್ಗೆ ಸಾಮಾನಿನ ಗಾಡಿ ಬರುವುದೆಂದು ಗೊತ್ತಾಯಿತು. ಹೋಗುವುದಾದರೆ ಹೋಗಲಿ, ಬೆಳೆದ ಹುಡುಗ. ಆದರೆ ಅಣ್ಣನ ಬಾಯಿಂದ ಒಂದೇ ಒಂದು ಮಾತು ಕೇಳದೆ ಹೋದರೆ ಅವನು ಮತ್ತೆ ಈ ಮನೆಯ ಮೆಟ್ಟಿಲು ಹತ್ತುವವನಲ್ಲ. ಆ ಸಂಕಟಕ್ಕೆ ವಾರವಿಡೀ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿದೆ.

ಶನಿವಾರ ಸಂಜೆ ಆಟದಲ್ಲಿ ಏನೋ ಕೋಟೆ ಕಾಳಗವಂತೆ. ನಮ್ಮ ಯಜಮಾನರು ಅಂಗಡಿಯ ಶಟರ್ ಎಳೆಯಲು ಹೋಗಿ ಬಲಗೈ ಮಣಿಕಟ್ಟು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಆದರೂ ಆಡಲೇಬೇಕಂತೆ.

“ಬಾರೆ ಇಲ್ಲಿ. ನೀನು ಕೈ, ನಾನು ಬಾಯಿ,” ಎಂದರು.

“ಅದೊಂದು ದಿನ ಆಡದಿದ್ರೆ ಪ್ರಪಂಚ ಮುಳುಗುತ್ತಾ?”

“ಇವತ್ತು ಆಡ್ಬೇಕು ಕಣೆ,” ಎಂದರಷ್ಟೇ, ಸ್ವರ ಸಣ್ಣದಾಗಿತ್ತು. ನಾಳೆ ಅವನು ಹೋಗುತ್ತಾನೆ ಎಂದು ಬಾಯಿಬಿಟ್ಟು ಹೇಳಿದರೆ ಮುತ್ತು ಉದುರುತ್ತಿತ್ತೇನೋ!

ಈ ಕಾಳಗದ ನಿಯಮವೇ ಬೇರೆಯಂತೆ. ಯಾರು ಯಾವ ಕಡೆ ಎಂದು ಆಟವೇ ಚೀಟಿ ಎತ್ತಿದ ಹಾಗೆ ಹಂಚುತ್ತದೆ. ಎಲ್ಲರ ಮುಖಕ್ಕೂ ಮುಖವಾಡ, ಹೆಸರು ಕಾಣುವುದಿಲ್ಲ, ಟೈಪ್ ಮಾಡಿ ಮಾತಾಡುವುದೂ ಬಂದ್. ಅಂದರೆ ತಮ್ಮ ಯಾವ ಕಡೆ ಬಿದ್ದನೋ ಇವರಿಗೆ ತಿಳಿಯುವಂತಿಲ್ಲ. ಮೇಲೆ ಹೋಗಿ ಕೇಳಲು ಇವರ ಕಾಲಿಗೇನಾಗಿತ್ತು? ಕಾಲು ನೆಟ್ಟಗಿತ್ತು, ಬಿಂಕ ಅಡ್ಡವಿತ್ತು.

ನಾನು ಸುಮ್ಮನಿರುತ್ತೇನೆಯೇ? ಟೀ ಕೊಡುವ ನೆಪದಲ್ಲಿ ಮೇಲೆ ಹತ್ತಿದೆ. ಗುಂಡ ಕಟ್ಟಿಟ್ಟ ಡಬ್ಬಗಳ ನಡುವೆ ಕಂಪ್ಯೂಟರ್ ಒಂದನ್ನೇ ಬಿಚ್ಚದೆ ಉಳಿಸಿಕೊಂಡಿದ್ದ.

“ನೀನು ಯಾವ ಕಡೆಯೋ?”

“ನೀಲಿ, ಅತ್ತಿಗೆ. ನೋಡಿ, ನೀಲಿ ಚುಕ್ಕೆ ಇರೋರೆಲ್ಲ ನಮ್ಮೋರು. ಕೆಂಪು ಚುಕ್ಕೆಯೋರು ಎದುರಾಳಿಗಳು.”

ಕೆಳಗಿಳಿದು ನಮ್ಮ ಸ್ಕ್ರೀನ್ ನೋಡುತ್ತೇನೆ, ಹಸಿರು ಗೌನಿನವಳ ತಲೆಯ ಮೇಲೂ ನೀಲಿ ಚುಕ್ಕೆ! ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ನಿಮ್ಮ ತಮ್ಮ ನಮ್ಮ ಕಡೆಯೇ ಇದಾನೆ. ಕಣ್ಣಾರೆ ನೋಡ್ಕೊಂಡು ಬಂದೆ,” ಎಂದೆ.

“ನಾನೇನು ಕೇಳಿದ್ನಾ?” ಎಂದರು. ಮೀಸೆಯೊಳಗೆ ನಗು ಬಂದದ್ದು ನನಗೆ ಕಾಣಲಿಲ್ಲವೇ?

ಆಟ ಶುರುವಾಯಿತು. ಅಯ್ಯೋ ದೇವರೇ, ಅದೇನು ಗದ್ದಲ! ಯಾರು ಯಾರನ್ನು ಹೊಡೆಯುತ್ತಿದ್ದಾರೆ, ಯಾಕೆ ಹೊಡೆಯುತ್ತಿದ್ದಾರೆ ಒಂದೂ ತಿಳಿಯದು. ನಾನು ಮುಂದೆ ಹೋಗಬೇಕೆಂದಾಗಲೆಲ್ಲ ನನ್ನ ಕಾಲು ಮೇಜಿನ ಕೆಳಗೆ ಇಲ್ಲದ ಪೆಡಲ್ ಒತ್ತುತ್ತಿತ್ತು. ಗೌನಿನವಳು ಮಾತ್ರ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತ ನಿಂತಿರುತ್ತಿದ್ದಳು.

“ಕೈಯಲ್ಲೇ, ಕೈಯಲ್ಲೇ! ಹಾಂ, ಅಲ್ನೋಡು ನೀಲಿ ಗುರಾಣಿಯವನು. ಅವನೇ ಇರ್ಬೇಕು. ಅವನಿಗೆ ಮದ್ದು ಹಾಕು.”

ಹಾಕಿದೆ. ಅವನು ಒಂದು ಏಟು ತಿಂದರೆ ಸಾಕು, “ಹಾಕೇ, ಹಾಕೇ, ಪಾಪ ನೋವಾಗಿರುತ್ತೆ,” ಎಂದು ಇವರು ಕುರ್ಚಿಯ ಅಂಚಿಗೆ ಬರುತ್ತಿದ್ದರು. ಬೇರೆಯವರು ನರಳಿದರೂ ಕಣ್ಣೆತ್ತಿ ನೋಡಲಿಲ್ಲ. ಇದ್ದಬದ್ದ ಮದ್ದೆಲ್ಲ ಅವನೊಬ್ಬನಿಗೇ ಸುರಿದದ್ದಾಯಿತು. ಒಂದು ವರ್ಷದ ಪ್ರೀತಿಯೆಲ್ಲ ಒಂದೇ ಬಟನ್ನಿನಲ್ಲಿ ಹೊರಗೆ ಬರುತ್ತಿತ್ತು, ನನ್ನ ಕಣ್ಣು ತುಂಬಿತು.

ಅಷ್ಟರಲ್ಲಿ ಕೋಟೆ ಬಾಗಿಲಿನಿಂದ ಇನ್ನೊಬ್ಬ ಗುರಾಣಿಯವನು ನುಗ್ಗಿದ. ತಲೆಯ ಮೇಲೆ ಕೆಂಪು ಚುಕ್ಕೆ. ಎರಡು ಸಲ ಕುಪ್ಪಳಿಸಿ ನಮ್ಮ ಮೇಲೆ ಕತ್ತಿ ಎತ್ತಿದ.

“ಓಡೇ!” ಎಂದರು ಇವರು. ನಾನು ಪೆಡಲ್ ಒತ್ತಿದೆ. ಗೌನಿನವಳು ಮತ್ತೆ ಗೋಡೆಗೆ ಗುದ್ದಿಕೊಂಡಳು.

ಕತ್ತಿ ಎತ್ತಿದವನು ಹಾಗೆಯೇ ನಿಂತುಬಿಟ್ಟ. ಹೊಡೆಯಲೊಲ್ಲ.

“ರೀ, ಹೊಡೆಯೋದಕ್ಕೆ ಮುಂಚೆ ಎರಡು ಸಲ ಕುಪ್ಪಳಿಸೋದು ನಮ್ಮ ಗುಂಡ ಅಲ್ವಾ?”

“ಹೌದು... ಆದ್ರೆ ಅವನು ಕೆಂಪು! ನೀನು ಮೇಲೆ ಹೋಗಿ ಏನೇ ನೋಡಿದ್ದು?”

“ನೀಲಿ ಚುಕ್ಕೆ ನೋಡ್ದೆ. ಅವನೇ ಹೇಳ್ದ, ನಾವು ನೀಲಿ ಅಂತ.”

ಇವರು ಒಳ್ಳೆಯ ಕೈಯಿಂದ ಹಣೆ ಬಡಿದುಕೊಂಡರು. “ಅಯ್ಯೋ ಪುಣ್ಯಾತ್ಗಿತ್ತಿ! ಅವರವರ ಸ್ಕ್ರೀನಲ್ಲಿ ಅವರವರೇ ನೀಲಿ ಕಣೆ! ಎದುರಿಗಿರೋನು ಯಾವಾಗ್ಲೂ ಕೆಂಪು. ಅವನ ಸ್ಕ್ರೀನಲ್ಲಿ ಈಗ ನಾವು ಕೆಂಪು!”

“ಹಾಗಾದ್ರೆ ನಿಜವಾಗ್ಲೂ ಕೆಂಪು ಯಾರು?”

“ಯಾರೂ ಇಲ್ಲ.”

“ಯಾರೂ ಇಲ್ಲದಿದ್ರೆ ಯಾತಕ್ಕೆ ಬಡಿದಾಡ್ತಿದೀರಿ? ಹಾಗಾದ್ರೆ ಆ ಕೀ...” ಎಂದವಳು ಅಲ್ಲಿಗೇ ನಿಲ್ಲಿಸಿದೆ.

ಆಗ ಮಹಡಿಯಿಂದ ಕೂಗು ಕೇಳಿಸಿತು: “ಅತ್ತಿಗೆ, ಗೋಡೆಗೆ ಗುದ್ತಿರೋರು ನೀವೇ ಅಲ್ವಾ? ಹಿಂದಕ್ಕೆ ಬನ್ನಿ, ನಾನು ಹೊಡೆಯಲ್ಲ!”

ಅವನು ಅಲ್ಲಿ ನನಗೆ ದಾರಿ ಹೇಳುತ್ತಿದ್ದರೆ, ಇಲ್ಲಿ ಸ್ಕ್ರೀನಿನಲ್ಲಿ ಅವನ ಬೆನ್ನ ಹಿಂದೆ ಒಬ್ಬ ಬಂದ. ನಾವು ಅಷ್ಟೊತ್ತು ಮದ್ದು ಹಾಕಿ ಸಾಕಿದ್ದೆವಲ್ಲ, ಅದೇ ನೀಲಿ ಗುರಾಣಿಯವನು! ಹಾವಿಗೆ ಹಾಲೆರೆದ ಹಾಗಾಗಿತ್ತು. ಮೈಯಲ್ಲಿ ಒಂದು ಗೀರೂ ಇಲ್ಲದೆ, ಗೂಳಿಯ ಹಾಗೆ ಕೊಬ್ಬಿ, ಗುಂಡನ ಬೆನ್ನಿಗೆ ಕೊಡಲಿ ಎತ್ತಿದ.

ನಮ್ಮ ಯಜಮಾನರು ಎದ್ದುನಿಂತರು, ಕುರ್ಚಿ ಹಿಂದಕ್ಕೆ ಬಿತ್ತು. ಮೆಟ್ಟಿಲ ಕಡೆ ತಿರುಗಿ ಮನೆ ನಡುಗುವ ಹಾಗೆ ಕೂಗಿದರು:

“ಲೋ ಗುಂಡಾ! ಹಿಂದೆ ನೋಡೋ!”

ಸ್ಕ್ರೀನಿನಲ್ಲಿ ಕೊಡಲಿ ಇಳಿಯಿತು, ಗುಂಡ ಬಿದ್ದ. ನಾನು ಅವನಿಗೆ ಮದ್ದು ಹಾಕಲು ಹೋದರೆ ‘ಎದುರಾಳಿಗೆ ಮದ್ದು ಹಾಕುವಂತಿಲ್ಲ’ ಎಂದು ತೋರಿಸಿತು. ನಿನ್ನ ನಿಯಮಕ್ಕಿಷ್ಟು ಬೆಂಕಿ ಹಾಕ ಎಂದು ಬೈದೆ. ಬಟನ್ ಒತ್ತುತ್ತಲೇ ಇದ್ದೆ.

ಆಮೇಲೆ ಮೇಲಿನಿಂದ ಸ್ವರ ಬಂತು, ಸ್ವಲ್ಪ ಒಡೆದಿತ್ತು. “ನೋಡ್ಲಿಲ್ಲ ಅಣ್ಣಾ.”

ಯಾರು ಗೆದ್ದರೋ ನಾವ್ಯಾರೂ ನೋಡಲಿಲ್ಲ.

ಬೆಳಿಗ್ಗೆ ಗಾಡಿ ಬಂತು. ಇಬ್ಬರೂ ಸೇರಿ ಬೀರುವನ್ನು ಮೆಟ್ಟಿಲಿನಲ್ಲಿ ಇಳಿಸುತ್ತಿದ್ದರು, ತಮ್ಮ ಮೇಲೆ, ಅಣ್ಣ ಕೆಳಗೆ. ಮುರಿದ ಕೈಯವರಿಗೆ ಇದೆಲ್ಲ ಬೇಕಿತ್ತೇ? ಹೇಳಿದರೆ ಕೇಳಬೇಕಲ್ಲ, ಭುಜ ಕೊಟ್ಟು ನಿಂತಿದ್ದರು. ನಡುಮೆಟ್ಟಿಲಲ್ಲಿ ಉಸಿರು ತೆಗೆದುಕೊಳ್ಳಲು ನಿಂತರು.

“ಆ ಕೀ ನಾನೇ ಕೊರೆದಿರ್ಬೇಕು ಕಣೋ,” ಎಂದರು ಇವರು, ಬೀರುವಿನತ್ತ ನೋಡುತ್ತ.

“ನೀನಲ್ಲಣ್ಣ, ನಾನೇ. ಅವತ್ತು ಮಷೀನ್ ಹತ್ರ ನಾನಿದ್ದೆ.”

“ನಾನು ಅಂತ ಹೇಳ್ತಿದೀನಲ್ಲ!”

“ನೀನು ಹೇಳಿದ್ದೇ ಆಗ್ಬೇಕಾ ಯಾವಾಗ್ಲೂ?”

ಶಿವನೇ, ಮತ್ತೆ ಜಗಳ! ಈ ಸಲ ಯಾರ ಪರ ವಹಿಸಬೇಕೋ ನನಗೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು. ಕಚ್ಚಾಡುತ್ತಲೇ ಬೀರು ಎತ್ತಿದರು. ನೋಡುತ್ತೇನೆ, ಬೀರು ಕೆಳಗಿಳಿಯುವ ಬದಲು ಒಂದು ಮೆಟ್ಟಿಲು ಮೇಲಕ್ಕೆ ಹೋಯಿತು. ಇನ್ನೊಂದು ಮೆಟ್ಟಿಲು.

“ಯಾಕಣ್ಣ ಮೇಲಕ್ಕೆ ದೂಡ್ತಿದೀಯಾ?”

“ನಾನೆಲ್ಲಿ ದೂಡ್ತಿದೀನಿ? ನೀನೇ ಎಳ್ಕೊಳ್ತಿದೀಯಾ!”

ಹೀಗೆ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಲೇ ಬೀರುವನ್ನು ಮಹಡಿಯ ಬಾಗಿಲವರೆಗೂ ಮುಟ್ಟಿಸಿದರು. ಗಾಡಿಯವನು ತಲೆ ಕೆರೆದುಕೊಂಡು ನನ್ನ ಕಡೆ ತಿರುಗಿದ.

“ಅಮ್ಮಾ, ಸಾಮಾನು ಇಳಿಸ್ತಿದಾರೋ ಏರಿಸ್ತಿದಾರೋ?”

ಸೆರಗಿನಿಂದ ಕಣ್ಣು ಒರೆಸಿಕೊಂಡೆ. “ಅವರಿಗೇ ಇನ್ನೂ ಗೊತ್ತಾಗಿಲ್ಲಪ್ಪಾ. ಕೂತ್ಕೋ, ಟೀ ತರ್ತೀನಿ.”