ಅಪ್ಪ ಕೇಳಿದ ಬೆಂಕಿ

ಗಂಡ ಬೋರಿಸ್ ತೀರಿಕೊಂಡ ಮೇಲೆ ರಿಮ್ಮಾ ಮಾತು ಬಿಟ್ಟಿದ್ದಳು. ಹೈಫಾದ ಹದಾರ್ ಬಡಾವಣೆಯ ಮನೆಯಲ್ಲಿ ಕಿಟಕಿ ತೆಗೆಯದೆ, ಒಲೆ ಹಚ್ಚದೆ ಕೂತಿರುತ್ತಿದ್ದಳು. ಜೊತೆಗಿದ್ದ ಮುದಿ ತಂದೆ ನಾಉಮ್ ತಾನೇ ಚಹಾ ಕಾಸಿ ಅವಳ ಮುಂದೆ ಇಟ್ಟು, ಅದು ತಣ್ಣಗಾದ ಮೇಲೆ ತಾನೇ ಚೆಲ್ಲುತ್ತಿದ್ದ. ಕೊನೆಗೊಂದು ಶುಕ್ರವಾರ ಸಂಜೆ ಎದುರು ಮನೆಯ ಮಸೂದಜ್ಜಿ, ಮೊರಾಕ್ಕೊ ಕಡೆಯ ಗಟ್ಟಿಗಿತ್ತಿ, ಬಂದು ರಟ್ಟೆ ಹಿಡಿದು ಎಬ್ಬಿಸಿದಳು.

"ಗೋಡೆ ಜೊತೆ ಎಷ್ಟು ದಿನ ಸಂಸಾರ ಮಾಡ್ತೀಯೇ? ಏಳು, ಮೀನು ಆರಿಹೋಗ್ತದೆ."

ಅಜ್ಜಿಯ ಮೇಜಿನ ಸುತ್ತ ಮಕ್ಕಳು ಮೊಮ್ಮಕ್ಕಳು ಯಹೂದಿಗಳ ವಾರದ ಪವಿತ್ರ ದಿನವಾದ ಸಬ್ಬತ್ತಿನ ಹಾಡು ಹಾಡಿದರು. ಸೋವಿಯತ್ ನಾಡಿನಲ್ಲಿ ಬೆಳೆದ ರಿಮ್ಮಾಳಿಗೆ ಯಹೂದಿತನವೆಂದರೆ ಶಾಲೆಯ ಅಂಗಳದಲ್ಲಿ ತಿಂದ ಬೈಗುಳ, ಅಷ್ಟೇ. ಹಾಡಿನ ಒಂದು ಪದವೂ ತಿಳಿಯಲಿಲ್ಲ. ಆದರೂ ಸ್ವಂತ ಮನೆಗೆ ನೆಂಟಳಾಗಿ ಬಂದವಳಂತೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಬೋರಿಸ್ ಹೋದ ಮೇಲೆ ಅದೇ ಮೊದಲ ಅಳು.

ಅಲ್ಲಿಂದ ಅವಳ ದಾರಿ ತಿರುಗಿತು. ಪ್ರಾರ್ಥನೆಯ ಅಕ್ಷರಗಳ ಮೇಲೆ ಬೆರಳಿಟ್ಟು ಮಗುವಿನಂತೆ ಕೂಡಿಸಿ ಓದಲು ಕಲಿತಳು. ತಲೆಗೆ ವಸ್ತ್ರ ಕಟ್ಟಿದಳು. ಧರ್ಮದ ಕಟ್ಟಳೆಯಂತೆ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ ಮಾಡಿದಳು.

"ನಮ್ಮನೇಲಿ ಹಾಲಿಗೂ ಮಾಂಸಕ್ಕೂ ಸೋಡಚೀಟಿ ಆಗಿದೆ," ಎಂದು ನಾಉಮ್ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ನಗುತ್ತಲೇ ಮಗಳು ಹೇಳಿದ ಪಾತ್ರೆಯಲ್ಲೇ ಉಣ್ಣುತ್ತಿದ್ದ. ಮಗಳು ಬದುಕಿಕೊಂಡಳಲ್ಲ, ದೇವರು ಇದ್ದರೆಷ್ಟು ಬಿಟ್ಟರೆಷ್ಟು ಎಂಬುದು ಅವನ ಲೆಕ್ಕ.

ಆಮೇಲೆ ಅವನ ಶ್ವಾಸಕೋಶ ಕೆಟ್ಟಿತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಒಂದು ಬೆಳಿಗ್ಗೆ ರಿಮ್ಮಾ ಗಂಜಿ ಕುಡಿಸುತ್ತಿದ್ದಾಗ ಅವನು ಚಮಚ ತಡೆದ.

"ಕೂಸೇ, ನಾನು ಹೋದ ಮೇಲೆ ನನ್ನ ಸುಡಬೇಕು. ಬೂದಿ ಸಮುದ್ರಕ್ಕೆ ಹಾಕಿ. ಸೆನ್ಯಾಗೂ ಹೇಳಿದೀನಿ."

ಸೆನ್ಯಾ ಅವಳ ತಮ್ಮ. ರಿಮ್ಮಾ ಚಮಚ ಬಟ್ಟಲಿಗೆ ಇಟ್ಟಳು. "ಅಪ್ಪಾ, ನಮ್ಮವರಲ್ಲಿ ಸುಡಲ್ಲ. ಮಣ್ಣಿನಿಂದ ಬಂದೋರು ಮಣ್ಣಿಗೇ ಹೋಗ್ಬೇಕು."

"ನಮ್ಮವರಲ್ಲಿ ಸುಡಲ್ವಾ?" ಅವನು ಅವಳನ್ನೇ ನೋಡಿದ. "ಯುದ್ಧದಲ್ಲಿ ನಮ್ಮಮ್ಮನ್ನ, ಅಕ್ಕ ಹಾನಾನ್ನ, ಪುಟ್ಟ ತಂಗಿ ಮಿರ್ಯಾನ್ನ ಕೊಟ್ಟಿಗೇಲಿ ಕೂಡಿಹಾಕಿ ಜರ್ಮನ್ನರು ಬೆಂಕಿ ಇಟ್ರಲ್ಲ? ನಾನು ಕಾಡಿಗೆ ಅಣಬೆ ಆರಿಸೋಕೆ ಹೋಗಿದ್ದೆ. ಬಂದು ನೋಡಿದ್ರೆ ಹೊಗೆ. ಅವರಿಗೆ ಗೋರಿ ಇಲ್ಲ. ನಾನೊಬ್ಬ ಹೆಸರು ಕೆತ್ತಿದ ಅಮೃತಶಿಲೆ ಕೆಳಗೆ ಸುಖವಾಗಿ ಮಲಗ್ಲಾ? ಅಮ್ಮ ಹೋದ ದಾರೀಲೇ ಹೋಗ್ತೀನಿ. ನಿನ್ನ ದೇವರಿಗೆ ಬೇಜಾರಾದ್ರೆ ಅವನೇ ಬಂದು ನನ್ನ ಕೇಳ್ಲಿ."

ಅವಳು ಗಂಜಿಯ ಬಟ್ಟಲು ಹಿಡಿದು ಅಡುಗೆಮನೆಗೆ ಹೋದಳು. ಅಲ್ಲಿ ಏನು ಮಾಡಬೇಕೆಂದು ತಿಳಿಯದೆ ಅದನ್ನು ತೊಳೆದಳು, ಒರೆಸಿದಳು, ಮತ್ತೆ ತೊಳೆದಳು.

ಮಧ್ಯಾಹ್ನ ಧರ್ಮಗುರು ರಬ್ಬಿ ಎಲ್ಬಾಜ್ ಹತ್ತಿರ ಹೋದಳು. ಅಕ್ಷರ ಕಲಿಸಿದವನು ಅವನೇ. ಎಲ್ಲ ಕೇಳಿ ಅವನು ತಲೆಯಾಡಿಸಿದ.

"ಸುಡೋ ಹಾಗಿಲ್ಲಮ್ಮ. ತಂದೆ ಹೇಳಿದ್ರೂ ಈ ಮಾತು ನಡೆಸೋ ಹಾಗಿಲ್ಲ."

"ಸರಿ. ಅಪ್ಪನಿಗೆ ಏನು ಉತ್ತರ ಕೊಡ್ಲಿ?"

"ಅದು..." ರಬ್ಬಿಯ ಕಣ್ಣು ತುಂಬಿತು. "ಅದು ನನಗೆ ಗೊತ್ತಿಲ್ಲ, ತಾಯಿ."

ಮುಂದಿನ ವಾರಗಳಲ್ಲಿ ಅವಳು ತಂದೆಯ ಕಾಲು ಹಿಡಿದಳು, ಜಗಳವಾಡಿದಳು, ಬಾಗಿಲಾಚೆ ನಿಂತು ಧರ್ಮಗ್ರಂಥದ ಕೀರ್ತನೆ ಓದಿದಳು. ನಾಉಮ್ ಅವಳ ತಲೆವಸ್ತ್ರ ಸವರಿ, "ನೀನು ನಿನ್ನ ದಾರಿ ಹಿಡಿದಾಗ ನಾನು ಅಡ್ಡ ಬಂದ್ನಾ?" ಎಂದಷ್ಟೇ ಕೇಳಿದ. ಆ ಮಾತು ಬೈಗುಳಕ್ಕಿಂತ ಆಳಕ್ಕೆ ನಾಟಿತು.

ಅವನು ಸತ್ತ ದಿನ ಸೆನ್ಯಾ ಹೆಣ ಸುಡುವವರ ಗಾಡಿ ತಂದ. ರಿಮ್ಮಾ ಬಾಗಿಲಿಗೆ ಅಡ್ಡ ನಿಂತಳು.

"ಅಕ್ಕಾ, ದಾರಿ ಬಿಡು. ಮಾತು ಕೊಟ್ಟಿದೀನಿ."

"ನಾನು ಯಾರಿಗೆ ಮಾತು ಕೊಟ್ಟಿದೀನಿ ಅಂತ ಗೊತ್ತೇನೋ ನಿಂಗೆ?"

"ಗೊತ್ತಕ್ಕ. ಆದ್ರೆ ಅಪ್ಪನ ಮಾತನ್ನ ಈಗ ಯಾರು ನಡೆಸ್ತಾರೆ ಹೇಳು, ನಾವಿಬ್ರೇ ತಾನೇ?" ಸೆನ್ಯಾ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತ. ಅವನ ತಲೆ ನೇವರಿಸಲು ಅವಳು ಒಂದು ಹೆಜ್ಜೆ ಸರಿದಳು. ಗಾಡಿಯವರು ಆ ಸಂದಿಯಲ್ಲೇ ಒಳಗೆ ಹೋದರು. ಅವಳು ತಡೆಯಲಿಲ್ಲ. ತಡೆಯಬಹುದಿತ್ತೇ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು.

ಬೂದಿ ಬಂದ ಬೆಳಿಗ್ಗೆ ಅಕ್ಕ ತಮ್ಮ ಸಮುದ್ರಕ್ಕೆ ಹೋದರು. ಸೆನ್ಯಾ ಮೊಣಕಾಲುದ್ದ ನೀರಿಗಿಳಿದು ತಿರುಗಿ ನೋಡಿದ. "ಏನಾದ್ರೂ ಹೇಳಕ್ಕ. ನಿಂಗೆ ಇದೆಲ್ಲ ಬರುತ್ತಲ್ಲ."

ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆ ಅವಳಿಗೆ ಬಾಯಿಪಾಠವಾಗಿತ್ತು. ತಪ್ಪಿಲ್ಲದೆ ಹೇಳಬಲ್ಲಳು. ಸುಟ್ಟ ಬೂದಿಯ ಮುಂದೆ ಹೇಳಬಹುದೋ ಬಾರದೋ, ಅದು ಮಾತ್ರ ತಿಳಿಯದು. ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಸೆನ್ಯಾ ಕಾದು, ಕಾದು, ಡಬ್ಬಿ ಬಗ್ಗಿಸಿದ. ಗಾಳಿ ಅರ್ಧ ಬೂದಿಯನ್ನು ದಡದತ್ತಲೇ ತಂದಿತು.

ಮನೆಗೆ ಬಂದು ಅವಳು ಯಹೂದಿ ವಾಡಿಕೆಯಂತೆ ಅಂಗಿಯ ಕೊರಳಪಟ್ಟಿ ಹರಿದುಕೊಂಡು ಗಿಡ್ಡ ಮಣೆಯ ಮೇಲೆ ಸೂತಕಕ್ಕೆ ಕೂತಳು. ಪ್ರಾರ್ಥನಾ ಮಂದಿರದವರು ಬರಲೋ ಬೇಡವೋ ಎಂದು ಮೆಟ್ಟಿಲ ಬುಡದಲ್ಲೇ ಪಿಸುಗುಟ್ಟುತ್ತಿದ್ದುದು ಕೇಳಿಸುತ್ತಿತ್ತು. ಮಸೂದಜ್ಜಿಗೆ ಸಾವಿನ ಸುದ್ದಿ ಮುಟ್ಟಿತ್ತು, ಸುಟ್ಟ ಸುದ್ದಿ ಮುಟ್ಟಿರಲಿಲ್ಲ. ಮಗಳ ಊರಿಂದ ಆಗಷ್ಟೇ ಬಂದವಳು ಸೂತಕದ ಮನೆಗೆ ಕೊಡುವ ಬೇಯಿಸಿದ ಮೊಟ್ಟೆಯ ತಟ್ಟೆ ಹಿಡಿದು ನೇರ ಒಳಗೆ ಬಂದಳು.

"ಒಳ್ಳೆ ಮನುಷ್ಯ. ಎಲ್ಲಿ ಮಣ್ಣು ಮಾಡಿದ್ರಿ ಮಗಳೇ? ಗೋರಿ ಮೇಲೆ ಒಂದು ಕಲ್ಲು ಇಟ್ಟು ಬರ್ತೀನಿ."

ರಿಮ್ಮಾ ಅಜ್ಜಿಯ ಮುಖ ನೋಡಿದಳು. ಅಜ್ಜಿ ಉತ್ತರಕ್ಕೆ ಕಾಯುತ್ತ, ಮೊಟ್ಟೆಯ ಸಿಪ್ಪೆ ಬಿಡಿಸತೊಡಗಿದಳು.