ಚಮಚ ಯಾಕೆ ಹಿಂದೆ ಬಿತ್ತು?

"ಊಟ ಆಯ್ತಾ, ಚೂಟಿ?"

"ಆಯ್ತು."

"ಹೋಮ್‌ವರ್ಕ್?"

"ಆಯ್ತು. ಅಜ್ಜಿಗೆ ಫೋನ್ ಕೊಡ್ತೀನಿ."

ಬಂದರಿನಲ್ಲಿ ಕ್ರೇನ್ ಓಡಿಸುವ ತಾಯಿಗೆ ಮಗಳಿಂದ ದಿನವೂ ಸಿಗುತ್ತಿದ್ದುದು ಇಷ್ಟೇ ಮಾತು. ಮಗಳಿರುವುದು ದೂರದ ಊರಿನಲ್ಲಿ, ಅಜ್ಜಿಯ ಜೊತೆ. ಮೊದಲೆಲ್ಲ ಅವಳ ಮಾತು ಮುಗಿಯುತ್ತಲೇ ಇರಲಿಲ್ಲ. ಎತ್ತರದ ಕ್ಯಾಬಿನ್ನಿನಲ್ಲಿ ಕೂತು ಸರಕು ಇಳಿಸುವಾಗಲೂ ತಾಯಿಯ ಕಿವಿಯಲ್ಲಿ ಆ ಹಳೆಯ ವಟವಟವೇ.

"ನನ್ನನ್ನ ಮರೀತಿದ್ದಾಳೆ ಕಣೇ," ಎಂದಳು, ತನ್ನ ಜೊತೆ ಬಾಡಿಗೆ ಕೋಣೆಯಲ್ಲಿರುವ ನರ್ಸ್ ಗೆಳತಿಗೆ.

"ಪೊಲೀಸರ ಥರ ವಿಚಾರಣೆ ಮಾಡಿದ್ರೆ ಇನ್ನೇನಾಗುತ್ತೆ? ಇಬ್ಬರೂ ಸೇರಿ ಒಂದು ಪ್ರಯೋಗ ಮಾಡಿ."

"ಪ್ರಯೋಗಶಾಲೆ ಯಾರು ಕಟ್ಟಿಸಿಕೊಡ್ತಾರೆ, ನಿಮ್ಮಪ್ಪನಾ?"

"ದಾರ, ಚಮಚ, ಬೀಗ ಸಾಕು. ಒಂದೇ ಉದ್ದಕ್ಕೆ ತೂಗುಹಾಕಿಸು. ಯಾವುದು ಬೇಗ ಓಲಾಡುತ್ತೆ ಅಂತ ಕೇಳು. ತೀರ್ಪು ಮಾತ್ರ ಅವಳೇ ಕೊಡಲಿ."

ಮರುದಿನ ಸಂಜೆ ತಾಯಿ ಫೋನಿನಲ್ಲಿ ಕೇಳಿದಳು: "ಒಂದೇ ಉದ್ದದ ದಾರಕ್ಕೆ ಚಮಚ, ಬೀಗ ಕಟ್ಟಿ ತೂಗಿದ್ರೆ ಯಾವುದು ಬೇಗ ಓಲಾಡುತ್ತೆ?"

"ಬೀಗ! ಅದು ತಾನೇ ಭಾರ?" ಎಂದಳು ಚೂಟಿ.

"ನನಗೇನೋ ಎರಡೂ ಒಟ್ಟಿಗೇ ಹೋಗುತ್ತೆ ಅನ್ಸುತ್ತೆ. ಮಾಡಿ ನೋಡು."

ಹಿಂದಿನಿಂದ ಅಜ್ಜಿಯ ದನಿ: "ಪಾಠ ಬಿಟ್ಟು ಬೀಗ ತೂಗಾಡಿಸೋದು ಯಾವ ಶಾಲೇಲಿದೆ? ಕಳೆದುಹೋದ್ರೆ ಬಾಗಿಲಿಗೆ ನಿಮ್ಮಮ್ಮನ್ನ ತಗಲಿಹಾಕ್ತೀಯಾ?"

ಚೂಟಿ ಕುರ್ಚಿಯ ಬೆನ್ನಿಗೆ ಒಂದೇ ಉದ್ದದ ಎರಡು ದಾರ ಕಟ್ಟಿ, ಒಂದರ ತುದಿಗೆ ಬೀಗ, ಇನ್ನೊಂದಕ್ಕೆ ಚಮಚದ ಹಿಡಿ ಕಟ್ಟಿದಳು. ಎರಡನ್ನೂ ಪಕ್ಕಕ್ಕೆ ಎಳೆದು ಒಂದೇ ಸಲ ಬಿಟ್ಟಳು.

"ಅಮ್ಮಾ, ನೀನು ಸೋತೆ! ಚಮಚ ಹಿಂದೆ ಬಿತ್ತು!"

ತಾಯಿ ತಬ್ಬಿಬ್ಬಾದಳು. ಆಮೇಲೆ ಅವಳಿಗೆ ತನ್ನ ಕ್ರೇನು ನೆನಪಾಯಿತು. ಅಲ್ಲಿ ಉದ್ದ ಎಂದರೆ ಹಗ್ಗದ್ದಷ್ಟೇ ಅಲ್ಲ. ಕೊಕ್ಕೆಯ ಕೆಳಗೆ ನೇತಾಡುವ ಸರಕಿನ ತೂಕದ ನಡುವಿನವರೆಗೆ.

"ಚೂಟಿ, ಚಮಚ ಬಿಚ್ಚಿ ಬೆರಳ ಮೇಲೆ ಅಡ್ಡ ಇಡು. ಬೀಳದೆ ನಿಲ್ಲೋ ಜಾಗ ಎಲ್ಲಿದೆ?"

"ಚಮಚದ ತಲೆ ಹತ್ತಿರ, ಅಗಲ ಇರೋ ಕಡೆ."

"ಅದೇ ಚಮಚದ ತೂಕದ ನಡು. ಬೀಗದ ನಡು ಎಲ್ಲಿದೆ?"

"ಅದು ಮೇಲೇ ಇದೆ... ಓ, ಚಮಚದ ನಡು ಇನ್ನೂ ಕೆಳಗೆ ಜೋತುಬಿದ್ದಿತ್ತು! ತಡಿ, ಫೋನ್ ಇಡ್ಬೇಡ!"

ಫೋನ್ ಇಡ್ಬೇಡ. ತಾಯಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಚೂಟಿ ಚಮಚದ ದಾರ ಗಿಡ್ಡ ಮಾಡಿ, ಎರಡರ ನಡುವನ್ನೂ ಒಂದೇ ಮಟ್ಟಕ್ಕೆ ತಂದಳು.

"ಒಟ್ಟಿಗೇ ಹೋಗ್ತಿವೆ! ಅಜ್ಜಿ, ಬಾ ಇಲ್ಲಿ!"

ಅಜ್ಜಿ ಬಂದು ಬಗ್ಗಿ ನೋಡಿದಳು. ಆಮೇಲೆ ಅಜ್ಜಿ ಕೇಳಿದಳು: "ಆಲೂಗಡ್ಡೆ ಕಟ್ಟಿದ್ರೆ?"

"ಅಮ್ಮಾ, ದಾರಾನೇ ಇನ್ನೂ ಉದ್ದ ಮಾಡಿದ್ರೆ?"

ದಿನವೂ ಕ್ರೇನಿನಲ್ಲಿ ನೋಡುವ ಸಂಗತಿ. ಉತ್ತರ ತಾಯಿಯ ನಾಲಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡಳು.

"ನಾಳೆ ನೀನೇ ಹೇಳು."

"ನಾಳೆ ನಾನೇ ಫೋನ್ ಮಾಡ್ತೀನಿ. ನೀನು ಮಾಡ್ಬೇಡ."

ಊರಿನ ದೂರ ಒಂದಿಂಚೂ ಕಡಿಮೆಯಾಗಿರಲಿಲ್ಲ. ಮಗಳ ತಲೆ ಸವರಬೇಕೆನ್ನುವ ಕೈ ಸುಮ್ಮನೆ ಮಡಿಲಲ್ಲಿತ್ತು. ಆದರೆ ನಾಳೆಯ ಸಂಜೆಗಾಗಿ ಈಗ ಕಾಯುವವರು ಇಬ್ಬರು.

ನಿಮ್ಮ ಮನೆಯಲ್ಲೂ ದಾರವಿದೆ, ಚಮಚವಿದೆ. ಒಡೆಯುವ ವಸ್ತು ಕಟ್ಟಬೇಡಿ, ಮೆಲ್ಲಗೆ ತೂಗಿ. ಬೆಂಕಿ, ಕರೆಂಟಿನ ಹತ್ತಿರ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಮೊದಲು ಊಹಿಸಲಿ, ಆಮೇಲೆ ಮಾಡಿ ನೋಡಲಿ. ಊಹೆ ತಪ್ಪಿದರೆ ಗದರಬೇಡಿ, "ಯಾಕೆ ಹೀಗಾಯ್ತು?" ಎಂದು ಜೊತೆಗೂಡಿ ಹುಡುಕಿ. ಹತ್ತಿರವಿದ್ದರೂ ದೂರವಿದ್ದರೂ, ಇಂದು ನಿಮ್ಮ ಮಗುವಿಗೆ ಒಂದು ಪ್ರಶ್ನೆ ಕೊಡಿ. ಉತ್ತರ ನಿಮಗೆ ಗೊತ್ತಿದ್ದರೂ, ಅದು ಮಗುವಿನ ಬಾಯಿಂದ ಬರುವವರೆಗೆ ಕಾಯಿರಿ.